ಬೇಸಿಗೆಯಲ್ಲಿ ಬೆಳೆಯುವವರು

ಏಪ್ರಿಲ್ ಬಂತೆಂದರೆ ಬೆಂಗಳೂರಿನಲ್ಲಿ ನಿಂಬೆಹಣ್ಣು ದುಬಾರಿ, ನೀರಿನ ಟ್ಯಾಂಕರ್ ದುಬಾರಿ, ಅವೆರಡನ್ನೂ ಮೀರಿಸುವಷ್ಟು ದುಬಾರಿ ವ್ಯಕ್ತಿತ್ವ ವಿಕಸನ. ನಿಂಬೆಹಣ್ಣಾದರೂ ಮಳೆ ಬಿದ್ದ ಮೇಲೆ ಇಳಿಯುತ್ತದೆ. ವಿಕಸನ ಇಳಿಯುವುದಿಲ್ಲ. ಮುಂದಿನ ವರ್ಷ 'ಲೆವೆಲ್ ಟೂ' ಅಂತ ಇನ್ನೊಂದು ಮೆಟ್ಟಿಲು ಹತ್ತಿ ಕೂತಿರುತ್ತದೆ. ನಮ್ಮ ಬೀದಿಯ ಲೈಟುಕಂಬ ನೋಡಿದರೆ ಸಾಕು. ಮಾರ್ಚ್‌ವರೆಗೆ 'ಪಿಜಿ ಫಾರ್ ಜೆಂಟ್ಸ್' ಇದ್ದ ಜಾಗದಲ್ಲಿ ಅಬ್ಯಾಕಸ್, ವೇದಗಣಿತ, ಕೈಬರಹ ತಿದ್ದುವಿಕೆ, ರೋಬೋಟಿಕ್ಸ್. ಕಂಬದ ಬುಡದಲ್ಲಿ, ನಾಯಿಗಳಿಗೆ ಓದಲು ಅನುಕೂಲವಾಗುವ ಎತ್ತರದಲ್ಲಿ, 'ನಾಯಕತ್ವ ತರಬೇತಿ, ವಯಸ್ಸು 5ರಿಂದ 8'. ಐದು ವರ್ಷದ ನಾಯಕನಿಗೆ ಚಡ್ಡಿಯ ಗುಂಡಿ ಹಾಕಲು ಇನ್ನೂ ಅಮ್ಮನೇ ಬೇಕು. ನಮ್ಮ ದೊಡ್ಡ ನಾಯಕರಿಗೂ ಕಾರಿನ ಬಾಗಿಲು ತೆಗೆಯಲು ಒಬ್ಬ ಬೇಕಲ್ಲ, ಹಾಗಾಗಿ ತರಬೇತಿ ಸರಿದಾರಿಯಲ್ಲೇ ಇದೆ ಅನ್ನಿ.

ಮೊದಲು ಏಪ್ರಿಲ್ 10 ಅಂದರೆ ಪಾಸು-ಫೇಲಿನ ದಿನ. ಅವತ್ತು ಫಲಿತಾಂಶ ತಿಳಿದುಕೊಂಡು, ಮಾರನೆಯ ದಿನವೇ ಕೆಂಪು ಬಸ್ಸಿನಲ್ಲಿ ಮಕ್ಕಳನ್ನು ಅಜ್ಜಿಯ ಊರಿಗೆ ಪಾರ್ಸೆಲ್ ಮಾಡುತ್ತಿದ್ದರು. ಓಹೋ, ಇವಳಿನ್ನು ಮಾವಿನತೋಪು, ಬಾವಿಯ ಈಜು, ಅಜ್ಜಿಯ ಕಥೆ ಅಂತ ಶುರುಮಾಡುತ್ತಾಳೆ ಅಂದುಕೊಂಡಿರಾ? ಇಲ್ಲ. ಆ ಲೇಖನ ಪ್ರತಿ ಬೇಸಿಗೆಯಲ್ಲೂ ಪತ್ರಿಕೆಯ ಪುರವಣಿಯಲ್ಲಿ ತಪ್ಪದೆ ಬರುತ್ತದೆ. ಅದರಲ್ಲಿ ಅಜ್ಜಿ ಸದಾ ನಗುನಗುತ್ತಾ ಒಬ್ಬಟ್ಟು ತಟ್ಟುತ್ತಲೇ ಇರುತ್ತಾಳೆ. ಮೂವರು ಹೆಣ್ಣುಮಕ್ಕಳು, ಇಬ್ಬರು ಸೊಸೆಯರು, ಹನ್ನೆರಡು ಮೊಮ್ಮಕ್ಕಳು ಒಂದೇ ಸಲ ಬಂದು ಒಂದೂವರೆ ತಿಂಗಳು ಕೂತರೆ ಆ ಅಜ್ಜಿಯ ಸೊಂಟ ಏನಾಯಿತು ಅಂತ ಯಾವ ಮೊಮ್ಮಗನೂ ಬರೆದದ್ದನ್ನು ನಾನು ಓದಿಲ್ಲ. 

ಅಜ್ಜಿಯನ್ನು ಬಿಡಿ, ನಮ್ಮನೆಯವರ ಕಥೆ ಕೇಳಿ. ಇವರು ಕಾಲೇಜು ಮೇಷ್ಟ್ರು. ಪರೀಕ್ಷೆ, ಮೌಲ್ಯಮಾಪನ ಎಲ್ಲ ಮುಗಿಸಿ ರಜೆ ಸಿಕ್ಕ ಸಂಜೆ ಒಂದು ಹೊಸ ನೋಟ್‌ಬುಕ್ ತೆಗೆದು, ಮೇಲೆ ಶ್ರೀಕಾರ ಬರೆದು, ಪಟ್ಟಿ ಬರೆಯುತ್ತಾರೆ. ಬೆಳಿಗ್ಗೆ ಐದಕ್ಕೆ ಏಳುವುದು. ಸೂರ್ಯ ನಮಸ್ಕಾರ. ಜಿಮ್ಮು. ಕೊಳಲು ಕಲಿಯುವುದು. ಸಂಸ್ಕೃತ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿ ಮುಗಿಸುವುದು. ಈ ಕೊನೆಯದು ಪಟ್ಟಿಯ ಖಾಯಂ ಸದಸ್ಯ. ಕಾದಂಬರಿ ಬಂದದ್ದು 1967ರಲ್ಲಿ, ಇವರು ಓದಲು ಹಿಡಿದದ್ದು ನಮ್ಮ ಮದುವೆಯಾದ ಹೊಸದರಲ್ಲಿ. ಗುರುತಿಗೆ ಇಟ್ಟ ಎಲ್‌ಐಸಿ ರಸೀದಿ ಈಗ ಪಾಲಿಸಿಯೇ ಪಕ್ವವಾದರೂ ಅದೇ ಪುಟದಲ್ಲಿದೆ. ಪ್ರತಿ ಬೇಸಿಗೆಯಲ್ಲೂ "ಮರೆತುಹೋಗಿದೆ ಕಣೇ, ಮೊದಲಿಂದ ಓದಬೇಕು" ಅನ್ನುತ್ತಾರೆ, ಮೊದಲಿಂದ ಓದುತ್ತಾರೆ, ರಸೀದಿ ಸಿಕ್ಕ ಜಾಗಕ್ಕೆ ಬಂದು ಹಳೆಯ ಸ್ನೇಹಿತನನ್ನು ಕಂಡವರಂತೆ ನಿಂತುಬಿಡುತ್ತಾರೆ. ಕೊಳಲು ಬೀರುವಿನ ಮೇಲಿದೆ. ಸೋಫಾದಡಿ ಉರುಳಿದ ಚೆಂಡು ತೆಗೆಯಲು ಅದರಷ್ಟು ಹೇಳಿ ಮಾಡಿಸಿದ ವಾದ್ಯ ಇನ್ನೊಂದಿಲ್ಲ.

ಪಟ್ಟಿ ಬರೆದು ಆಯಾಸವಾಗುತ್ತದೆ, ನೋಡಿ. ಆಗ ವಿಶ್ರಾಂತಿ ಬೇಕು. ವಿಶ್ರಾಂತಿಯೆಂದರೆ ಸೋಫಾದ ಮೇಲೆ ಅಡ್ಡಾಗಿ ಮೊಬೈಲ್ ನೋಡುವುದು. ಮೊಬೈಲಿನಲ್ಲಿ ಏನು ನೋಡುತ್ತಾರೆ? 'ಮೊಬೈಲ್ ಬಿಡುವುದು ಹೇಗೆ' ಎಂಬ ವಿಡಿಯೋ. ಅದು ಮುಗಿದರೆ ಕೆಳಗೆ 'ಗಾಢ ನಿದ್ರೆಗೆ ಐದು ಸೂತ್ರ' ಅಂತ ಇನ್ನೊಂದು ತಾನಾಗಿ ಶುರುವಾಗುತ್ತದೆ. ರಾತ್ರಿ ಒಂದು ಗಂಟೆಯವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿದ್ದೆಯ ವಿಷಯ ಕಲಿಯುತ್ತಾರೆ. ಬೆಳಿಗ್ಗೆ ಐದಕ್ಕೆ ಅಲಾರಾಂ ಹೊಡೆದುಕೊಂಡಾಗ ಏಳುವವಳು ನಾನು.

ಈ ಸಲ ನಾನು ಚರಕನ ಮೊರೆ ಹೋದೆ. ಚರಕಸಂಹಿತೆ ಹಗಲು ನಿದ್ದೆಯನ್ನು ಒಪ್ಪುವುದಿಲ್ಲ, ಕಫ ಪಿತ್ತ ಕೆರಳುತ್ತದೆ ಅನ್ನುತ್ತದೆ. ಮಕ್ಕಳು, ಮುದುಕರು, ರೋಗಿಗಳು, ದಣಿದವರಿಗೆ ಒಂದಿಷ್ಟು ರಿಯಾಯಿತಿ. ಉಳಿದವರಿಗೆ ವರ್ಷದಲ್ಲಿ ಒಂದೇ ಒಂದು ಋತುವಿನಲ್ಲಿ ಅನುಮತಿ, ಅದು ಗ್ರೀಷ್ಮ. ರಾತ್ರಿ ಚಿಕ್ಕದು, ಬಿಸಿಲಿಗೆ ದೇಹ ಒಣಗಿ ವಾತ ಹೆಚ್ಚುತ್ತದೆ, ಅದಕ್ಕೆ ಹಗಲು ಮಲಗಿದರೆ ಒಳ್ಳೆಯದು ಎಂಬ ವಿವರಣೆಯೂ ಇದೆ. ಅದೇ ಗ್ರಂಥ, ಅದೇ ಗ್ರೀಷ್ಮಕ್ಕೆ, ವ್ಯಾಯಾಮ ಬೇಡ ಎಂದೂ ಹೇಳುತ್ತದೆ. ಅಂದರೆ ಜಿಮ್ಮಿಗೆ ವರ್ಷದ ಚಂದಾ ಕಟ್ಟಲು ಎಲ್ಲಕ್ಕಿಂತ ಕೆಟ್ಟ ತಿಂಗಳು ಯಾವುದೋ ಅದರಲ್ಲೇ ನಮ್ಮ ಜನ ಹೋಗಿ ಕಟ್ಟುತ್ತಾರೆ. ಇದನ್ನೆಲ್ಲ ಇವರಿಗೆ ಓದಿ ಹೇಳಿದೆ. ಕಣ್ಣರಳಿಸಿ ಕೇಳಿದರು. "ನೋಡಿದ್ಯಾ, ನಮ್ಮ ಪೂರ್ವಿಕರು ಎಂಥ ವಿಜ್ಞಾನಿಗಳು!" ಅಂದವರೇ ಹೋಗಿ ಮಲಗಿದರು. ನಾಲ್ಕಕ್ಕೆ ಎದ್ದು "ಲೇ, ಕಾಫಿ" ಅಂದರು. ಹಗಲು ಮಲಗಿದವರಿಗೆ ನಾಲ್ಕಕ್ಕೆ ಕಾಫಿ ಮಾಡಿಕೊಡುವವರು ಯಾವಾಗ ಮಲಗಬೇಕು ಎಂಬ ಶ್ಲೋಕ ಹುಡುಕಿದೆ, ಸಿಗಲಿಲ್ಲ.

ವಿಶ್ರಾಂತಿಯ ಸಮಾಚಾರವೇ ಹಾಗೆ. ಯಾರದೋ ವಿಶ್ರಾಂತಿಯನ್ನು ಇನ್ಯಾರೋ ಹೊರಬೇಕು. ಬ್ರಿಟಿಷರ ಕಾಲದಲ್ಲಿ ಇದನ್ನು ಅಕ್ಷರಶಃ ಹೊತ್ತರು. 1864ರಿಂದ ಸಿಮ್ಲಾ ಭಾರತ ಸರ್ಕಾರದ ಬೇಸಿಗೆಯ ರಾಜಧಾನಿ. ಕಲ್ಕತ್ತದ ಸೆಕೆ ತಡೆಯದೆ ವೈಸರಾಯರು, ಅವರ ಪರಿವಾರ, ಗುಮಾಸ್ತರು, ಕಡತಗಳು, ಪಿಯಾನೋ, ಎಲ್ಲವೂ ಹಿಮಾಲಯಕ್ಕೆ. 1903ರಲ್ಲಿ ಕಾಲ್ಕಾದಿಂದ ರೈಲು ಬರುವವರೆಗೆ ಆ ಗಂಟುಮೂಟೆಯನ್ನು ಬೆಟ್ಟ ಹತ್ತಿಸಿದ್ದು ಎತ್ತು, ಕುದುರೆ ಮತ್ತು ಕೂಲಿಯವರ ಬೆನ್ನು. ಮದ್ರಾಸ್ ಸರ್ಕಾರ ಊಟಿಗೆ ಹೋಗುತ್ತಿತ್ತು. ನಮ್ಮ ಟಿಪ್ಪುವಿಗೆ ನಂದಿಬೆಟ್ಟ, ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಕೆಮ್ಮಣ್ಣುಗುಂಡಿ. ದೊರೆಗಳು ಹೋದರು, ಅವರ ಸೆಕೆ ಮಾತ್ರ ನ್ಯಾಯಾಲಯದಲ್ಲಿ ಉಳಿದುಕೊಂಡಿತು. ಉದ್ದುದ್ದ ಬೇಸಿಗೆ ರಜೆಯ ಬಗ್ಗೆ ಜನ ಗೊಣಗಿ ಗೊಣಗಿ, ಸುಪ್ರೀಂ ಕೋರ್ಟ್ 2024ರಲ್ಲಿ ನಿಯಮ ತಿದ್ದಿ ಅದನ್ನು 'ಭಾಗಶಃ ಕೆಲಸದ ದಿನಗಳು' ಎಂದು ಕರೆಯಿತು. ನ್ಯಾಯಮೂರ್ತಿಗಳು ಆ ರಜೆಯಲ್ಲಿ ಕೂತು ತೀರ್ಪು ಬರೆಯುತ್ತಾರಂತೆ, ನಾನು ನಂಬುತ್ತೇನೆ. ಹೆಸರು ಎಷ್ಟು ಹಿಡಿಸಿತೆಂದರೆ ನಮ್ಮನೆಯವರ ಮಧ್ಯಾಹ್ನದ ನಿದ್ದೆಗೂ ಅದನ್ನೇ ಇಟ್ಟಿದ್ದೇನೆ. ಯಾರಾದರೂ ಫೋನ್ ಮಾಡಿ "ಸರ್ ಇದ್ದಾರಾ?" ಅಂದರೆ "ಭಾಗಶಃ ಇದ್ದಾರೆ" ಅನ್ನುತ್ತೇನೆ.

ಇಡೀ ರಾಜಧಾನಿಯನ್ನು ಬೆಟ್ಟ ಹತ್ತಿಸುವ ಬದಲು ಗಡಿಯಾರದ ಮುಳ್ಳು ತಿರುಗಿಸಿದರೆ ಸಾಕು ಎಂದು ಕಂಡುಕೊಂಡವರು ನಮ್ಮ ಕಲ್ಯಾಣ ಕರ್ನಾಟಕದವರು. ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ, ಜೊತೆಗೆ ವಿಜಯಪುರ, ಬಾಗಲಕೋಟೆ, ಇಲ್ಲೆಲ್ಲ ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ನನ್ನ ತಮ್ಮನಿಗೆ ಕಲಬುರಗಿಗೆ ವರ್ಗವಾದಾಗ ಮನೆಯಲ್ಲಿ ಎಲ್ಲರೂ ಅವನನ್ನು ಒಲೆಗೇ ಇಡುತ್ತಿದ್ದೇವೆ ಎಂಬಂತೆ ಕಳಿಸಿಕೊಟ್ಟರು. ಮೊದಲ ಬೇಸಿಗೆಯಲ್ಲಿ ದಿನಾ ಫೋನು. "ಅಕ್ಕಾ, ಎರಡು ಗಂಟೆಗೆ ಮನೆಗೆ ಬಂದು ಊಟ ಮಾಡಿ ಮಲಗ್ತೀನಿ, ಐದಕ್ಕೆ ಏಳ್ತೀನಿ, ಆಮೇಲೆ ಏನು ಮಾಡೋದು ಅಂತಾನೇ ಗೊತ್ತಾಗಲ್ಲ." ನಾನು ಬೆಂಗಳೂರಿನ ಅಕ್ಕನಲ್ಲವೇ, "ಆನ್‌ಲೈನ್ ಕೋರ್ಸ್ ಏನಾದ್ರೂ ಸೇರ್ಕೋ" ಅಂದೆ. ಅವನ ಪುಣ್ಯಕ್ಕೆ ಅಲ್ಲಿ ಸಂಜೆ ಹೊತ್ತು ಕರೆಂಟೂ ಇರಲಿಲ್ಲ. ತಾರಸಿಗೆ ನಾಲ್ಕು ಬಕೆಟ್ ನೀರು ಹೊಯ್ದು, ನೆಲ ಆರಿದ ಮೇಲೆ ಮಂಚ ಎಳೆದುಕೊಂಡು ಕೂರತೊಡಗಿದ. ಪಕ್ಕದ ತಾರಸಿಯಲ್ಲೂ ಹಾಗೇ ಮಂಚ ಹಾಕಿಕೊಂಡು ಕೂತ ಒಬ್ಬ ಹಿರಿಯರು, ರಿಟೈರ್ಡ್ ಹೆಡ್‌ಮಾಸ್ಟರು, ಹೊತ್ತು ಹೋಗದೆ ಇವನನ್ನು ಮಾತಿಗೆಳೆದರು. ಇವನಿಗೆ ಅವರ ದಖನಿ ಅರ್ಥವಾಗದು, ಅವರಿಗೆ ಇವನ ಮೈಸೂರು ಕನ್ನಡ ಹಾಡಿದಂತೆ ಕೇಳುತ್ತದೆ. ಮಳೆಗಾಲ ಬರುವ ಹೊತ್ತಿಗೆ ನನ್ನ ತಮ್ಮ ದಖನಿ ಉರ್ದು ಮಾತಾಡುತ್ತಿದ್ದ. ಮರುವರ್ಷ ಅಕ್ಷರವನ್ನೂ ಕಲಿತ. ಈಗ ನನ್ನನ್ನು ಬೈದರೂ ಶಾಯರಿ ಹೇಳಿದಂತಿರುತ್ತದೆ, ಬೈಸಿಕೊಂಡು "ವಾಹ್ ವಾಹ್" ಅನ್ನುತ್ತೇನೆ. ಇದಕ್ಕೆ ಯಾರೂ ಅವನಿಗೆ ಪ್ರಮಾಣಪತ್ರ ಕೊಟ್ಟಿಲ್ಲ. ಕಲಿಯಬೇಕು ಅಂತ ಅವನು ಕೂತದ್ದೂ ಅಲ್ಲ, ಸೆಕೆಗೆ ಕೂತದ್ದು.

ಅವನ ಹೆಂಡತಿಗೂ ಅದೇ ಊರಿನಲ್ಲಿ ಸರ್ಕಾರಿ ಕೆಲಸ, ಅವಳ ಕಚೇರಿಯೂ ಒಂದೂವರೆಗೇ ಮುಚ್ಚುತ್ತದೆ. "ನೀನೇನು ಕಲಿತೆಯಮ್ಮಾ?" ಅಂದೆ. "ಜೋಳದ ರೊಟ್ಟಿ ಬಡಿಯೋದು ಕಲಿತೆ ಅತ್ತಿಗೆ" ಅಂದಳು. 

ಇದು ನನ್ನ ಹೊಟ್ಟೆಯುರಿ ಅನ್ನಬೇಡಿ, ಸರ್ಕಾರದ್ದೇ ಲೆಕ್ಕವಿದೆ. ಕೇಂದ್ರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಈ 88 ನಿಮಿಷದ ಗಂಡಸರು ಯಾವ ಊರಿನಲ್ಲಿದ್ದಾರೋ, ವಿಳಾಸ ಸಿಕ್ಕಿದರೆ ನಮ್ಮನೆಯವರನ್ನು ಅಲ್ಲಿಗೆ ಬೇಸಿಗೆ ಶಿಬಿರಕ್ಕೆ ಕಳಿಸುತ್ತಿದ್ದೆ. ಫೀಸು ಎಷ್ಟಾದರೂ ಸರಿ.

ಶಿಬಿರ ಅಂದೆನಲ್ಲ, ನನ್ನ ತಂಗಿಯ ಮಗನ ವಿಚಾರ ಹೇಳಬೇಕು. ಎಂಟು ವರ್ಷದ ಪೋರ. ರಜೆಯ ಮೊದಲ ವಾರ "ಅಮ್ಮಾ, ಬೋರ್" ಅಂದ. ನನ್ನ ತಂಗಿ ಮಗುವಿಗೆ ನೂರಾಮೂರು ಡಿಗ್ರಿ ಜ್ವರ ಬಂದಂತೆ ಗಾಬರಿಯಾದಳು. ಸಂಜೆಯೊಳಗೆ ಅವನನ್ನು 'ಸೃಜನಶೀಲತೆ' ಶಿಬಿರಕ್ಕೆ ಸೇರಿಸಿಯಾಗಿತ್ತು. ಅಲ್ಲಿ ನಲವತ್ತು ಮಕ್ಕಳಿಗೂ ಒಂದೇ ಚಿಟ್ಟೆಯ ಚಿತ್ರ ಕೊಟ್ಟು ಬಣ್ಣ ತುಂಬಲು ಹೇಳಿದರು. ಇವನು ಪೂರ್ತಿ ಕಪ್ಪು ಬಳಿದ. "ಚಿಟ್ಟೆ ಹೀಗಿರಲ್ಲ ಪುಟ್ಟಾ" ಅಂದರು ಮೇಡಂ. "ಇದು ರಾತ್ರಿ, ಮಿಸ್" ಅಂದನಂತೆ. ಸಂಜೆ ನನ್ನ ತಂಗಿಗೆ ದೂರು ಬಂತು, 'ಸೂಚನೆ ಪಾಲಿಸುವುದಿಲ್ಲ'.

ಇಂಥ ಅಪ್ಪ-ಅಮ್ಮಂದಿರಿಗೆ ಬೇಸಿಗೆಯ ಕುಲದೈವ ಐಸಾಕ್ ನ್ಯೂಟನ್. ಪ್ರತಿ ಏಪ್ರಿಲ್‌ನಲ್ಲಿ ವಾಟ್ಸಾಪಿನಲ್ಲಿ ಅವನ ಮೆರವಣಿಗೆ ಹೊರಡುತ್ತದೆ. 1665ರಲ್ಲಿ ಪ್ಲೇಗು ಬಂದು ಕೇಂಬ್ರಿಜ್ ಮುಚ್ಚಿತು, ನ್ಯೂಟನ್ ತನ್ನ ಹಳ್ಳಿ ವೂಲ್ಸ್‌ಥಾರ್ಪ್‌ಗೆ ಹೋದ, ಅಲ್ಲಿ ಕೂತು ಕಲನಶಾಸ್ತ್ರ, ಬೆಳಕು, ಗುರುತ್ವಾಕರ್ಷಣೆ ಎಲ್ಲಕ್ಕೂ ಬುನಾದಿ ಹಾಕಿದ, ನಿಮ್ಮ ಮಗು ರಜೆಯಲ್ಲಿ ಏನು ಮಾಡುತ್ತಿದೆ? ಅಲ್ಲಾ ಸ್ವಾಮಿ, ಅವನು ಮರಳಿ ಕಾಲೇಜಿಗೆ ಹೋದದ್ದು 1667ರಲ್ಲಿ. ನಮ್ಮ ಮಕ್ಕಳಿಗಿರುವುದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ಅದರಲ್ಲೂ ಮುಕ್ಕಾಲು ಪಾಲು ಚಿಟ್ಟೆಗೆ ಬಣ್ಣ ತುಂಬುವುದರಲ್ಲಿ ಹೋಯಿತು. ಅವನ ತಾಯಿ ದಿನಾ ಸಂಜೆ "ಇವತ್ತು ಏನು ಕಲಿತೆ ಐಸಾಕಾ, ಹೇಳು, ವಿಡಿಯೋ ಮಾಡಿ ಅಜ್ಜಿಗೆ ಕಳಿಸೋಣ" ಅಂದಿದ್ದರೆ ಸೇಬು ಬಿದ್ದರೂ ಹುಡುಗ ಮೇಲೆ ನೋಡುತ್ತಿರಲಿಲ್ಲ.

ಶಿಬಿರಗಳೆಲ್ಲ ಕೆಟ್ಟವು ಎಂದು ನಾನು ಹೇಳಿದರೆ ಮೈಸೂರಿನವರು ಸುಮ್ಮನೆ ಬಿಡುವುದಿಲ್ಲ. ಅಲ್ಲಿ ರಂಗಾಯಣದ 'ಚಿಣ್ಣರ ಮೇಳ' ಇದೆ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಸಂಸ್ಥೆ. ಮಕ್ಕಳು ಮರದಡಿ ಕುಣಿದು, ಹಾಡಿ, ಮುಖಕ್ಕೆ ಬಣ್ಣ ಮೆತ್ತಿಕೊಂಡು, ಕೊನೆಗೆ ನಾಟಕ ಆಡಿ ಮನೆಗೆ ಬರುತ್ತವೆ. ಏನು ಕಲಿತೆ ಎಂದರೆ ಹೇಳಲು ಬರುವುದಿಲ್ಲ, ಗಂಟಲು ಕೂತಿರುತ್ತದೆ. ನನಗೆ ಅಂಥದ್ದು ಇಷ್ಟ. ಆದರೆ ಅಲ್ಲಿಯೂ ಕೆಲವು ತಂದೆಯರು ಗೇಟಿನಾಚೆ ನಿಂತು "ನಮ್ಮವನಿಗೆ ರಾಜನ ಪಾರ್ಟು ಕೊಡಬಹುದಿತ್ತು" ಅನ್ನುವುದುಂಟು. ಮರದ ಪಾರ್ಟು ಮಾಡುವ ಮಗುವಿನಷ್ಟು ಸುಖಿ ಇಡೀ ರಂಗದಲ್ಲಿ ಇನ್ನೊಂದಿಲ್ಲ ಎಂದು ಅವರಿಗೆ ತಿಳಿಸುವುದು ಹೇಗೆ?

ದೊಡ್ಡವರಿಗೂ ಅಂಥ ಜಾಗವೊಂದಿದೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ರಾಮೋತ್ಸವ. 1939ರಿಂದ ನಡೆದು ಬಂದದ್ದು, ಯುಗಾದಿ ಕಳೆದ ಮೇಲೆ ಹೆಚ್ಚುಕಡಿಮೆ ಒಂದು ತಿಂಗಳು ದಿನಾ ಸಂಜೆ ಸಂಗೀತ. ಪೆಂಡಾಲು, ಫ್ಯಾನು, ಪಾನಕ. ಪಕ್ಕದಲ್ಲಿ ಕೂತ ಮುದುಕರು ತೊಡೆಯ ಮೇಲೆ ತಾಳ ಹಾಕುತ್ತಾ ಹಾಕುತ್ತಾ ರಾಗಾಲಾಪನೆಗೆ ನಿದ್ದೆ ಹೋಗಿ, ತನಿ ಆವರ್ತನಕ್ಕೆ ಬೆಚ್ಚಿ ಎದ್ದು, "ಭಲೇ" ಅಂದು ಮತ್ತೆ ಮಲಗುತ್ತಾರೆ. ಅವರನ್ನು ಯಾರೂ ಎಬ್ಬಿಸುವುದಿಲ್ಲ. ಹೀಗೆ ಅರೆನಿದ್ದೆಯಲ್ಲಿ ವರ್ಷಗಟ್ಟಲೆ ಕೇಳಿಯೇ ಅವರು ಕಲ್ಯಾಣಿ ಯಾವುದು, ಶಂಕರಾಭರಣ ಯಾವುದು ಎಂದು ಒಂದೇ ಸ್ವರಕ್ಕೆ ಹೇಳಬಲ್ಲರು. ಎ.ಎನ್. ಮೂರ್ತಿರಾಯರಂತೂ ತಮ್ಮ ಪ್ರಬಂಧಗಳ ಪುಸ್ತಕಕ್ಕೆ 'ಹಗಲುಗನಸುಗಳು' ಎಂದೇ ಹೆಸರಿಟ್ಟವರು. ಹುಟ್ಟಿದ್ದು 1900, ತೀರಿಕೊಂಡದ್ದು 2003. ನಮ್ಮ ಬೀದಿಯ ಜಿಮ್ಮಿನ ಮಾಲೀಕರಿಗೆ ಈ ಲೆಕ್ಕ ತೋರಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನಿಜವಾದ ಬೇಸಿಗೆ ಕೋರ್ಸು ಯಾವುದು ಎಂದು ಕೇಳಿದರೆ ನನ್ನ ಉತ್ತರ ತಾರಸಿಯ ಮೇಲಿದೆ. ಬೇಸಿಗೆಯೆಂದರೆ ವಿರಾಮ ಎಂದವರು ಯಾರೋ, ಅವರು ಸಂಡಿಗೆ ತಿಂದವರೇ ಹೊರತು ಹಾಕಿದವರಲ್ಲ. ಶಿರಸಿ, ಸಾಗರದ ಕಡೆ ಈ ಕಾಲದಲ್ಲಿ ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕುವ ಗಡಿಬಿಡಿ, ಬಲಿತ ಹಲಸಿನ ಸೊಳೆ ಬೇಯಿಸಿ ಕುಟ್ಟಿ ಹಪ್ಪಳ ಒತ್ತುವ ಗಡಿಬಿಡಿ. ಉತ್ತರ ಕರ್ನಾಟಕದಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ ವರ್ಷದ ಖಾರ ಕುಟ್ಟಿಸಬೇಕು, ಶಾವಿಗೆ ಹೊಸೆಯಬೇಕು. ನಮ್ಮ ಕಡೆ ಸಂಡಿಗೆ, ಬಾಳಕ. ರಾತ್ರಿ ಸಬ್ಬಕ್ಕಿ ನೆನೆಹಾಕಿ, ಬೆಳಗಿನ ಜಾವಕ್ಕೆದ್ದು ಹಸಿಮೆಣಸಿನಕಾಯಿ, ಇಂಗು, ಉಪ್ಪು ಹಾಕಿ ಬೇಯಿಸಿ, ಸೂರ್ಯ ಮೇಲೆ ಬರುವುದರೊಳಗೆ ತಾರಸಿಯ ಮೇಲೆ ಶೀಟು ಹಾಸಿ ಚಮಚ ಚಮಚವಾಗಿ ಹಾಕುತ್ತಾ ಹೋಗಬೇಕು. ಹಾಕುವವರ ಬೆನ್ನು ಸೂರ್ಯನಿಗೆ, ಮುಖ ಹಬೆಗೆ. ಮರುದಿನ ಎಬ್ಬಿಸಿ ಮಗುಚಬೇಕು. ಮೋಡ ಬಂದರೆ ಓಡಬೇಕು. ಈ ಇಡೀ ಕಾರ್ಖಾನೆಯಲ್ಲಿ ಕೂತು ಮಾಡುವ, ನೆರಳಿರುವ, ಗೌರವದ ಹುದ್ದೆ ಒಂದೇ, ಕಾಗೆ ಕಾಯುವುದು.

ನೀರಿನ ಟ್ಯಾಂಕಿನ ನೆರಳು, ಒಂದು ಚಾಪೆ, ಉದ್ದದ ಕೋಲು, ಪಕ್ಕದಲ್ಲಿ ನೀರುಮಜ್ಜಿಗೆ. ಮೊಬೈಲ್ ನೋಡುವ ಹಾಗಿಲ್ಲ, ಬಿಸಿಲಿಗೆ ಪರದೆ ಕಾಣುವುದಿಲ್ಲ. ಪೂರ್ತಿ ಮಲಗುವ ಹಾಗಿಲ್ಲ, ಕಾಗೆ ಬರುತ್ತದೆ. ಪೂರ್ತಿ ಎಚ್ಚರವಿರಬೇಕಾದ್ದೂ ಇಲ್ಲ, ಕಾಗೆ ದಿನವಿಡೀ ಬರುವುದಿಲ್ಲ. ಚರಕನೂ ಒಪ್ಪುತ್ತಾನೆ, ಸಂಡಿಗೆಯೂ ಉಳಿಯುತ್ತದೆ. ಈ ವರ್ಷ ಆ ಹುದ್ದೆಗೆ ಇಬ್ಬರನ್ನು ನೇಮಿಸಿದೆ, ನಮ್ಮನೆಯವರು ಮತ್ತು ಶಿಬಿರದಿಂದ ಬಿಡಿಸಿ ತಂದ ತಂಗಿಯ ಮಗ.

"ಎಂ.ಎ. ಓದಿದವನು ಕಾಗೆ ಓಡಿಸಬೇಕಾ?" ಅಂದರು ಇವರು.

"ಎಂ.ಎ. ಓದದ ಕಾಗೆಗಳು ರೀ, ನಿಮಗೆ ಹೆದರುತ್ತವೆ" ಅಂದೆ.

ಹೆದರಲಿಲ್ಲ. ಮೊದಲ ದಿನ ಇವರು ಭಾಗಶಃ ಕೆಲಸದಲ್ಲಿದ್ದಾಗ ಒಂದು ಮೂಲೆ ಖಾಲಿಯಾಯಿತು. ಆಮೇಲೆ ಹುಡುಗ ಚುರುಕಾದ. ಒಂದು ಕಾಗೆ ಟ್ಯಾಂಕಿನ ಮೇಲೆ ಕೂತು ಗಲಾಟೆ ಮಾಡುತ್ತದೆ, ನಾವು ಅತ್ತ ನೋಡುವಾಗ ಇನ್ನೊಂದು ಇತ್ತ ಇಳಿಯುತ್ತದೆ ಎಂದು ಪತ್ತೆ ಹಚ್ಚಿದವನು ಅವನೇ. ಒಂದಕ್ಕೆ ರೆಕ್ಕೆಯಲ್ಲಿ ಗರಿಯೊಂದು ಮುರಿದಿದೆ, ಅದೇ ಲೀಡರ್ ಅಂತೆ. ನಾಯಕತ್ವ ತರಬೇತಿ, ನೋಡಿ, ಪುಕ್ಕಟೆ. ಅದರ ಚಿತ್ರವನ್ನೂ ಬರೆದ, ಪೂರ್ತಿ ಕಪ್ಪು, ಈ ಸಲ ಯಾರೂ ಆಕ್ಷೇಪಿಸಲಿಲ್ಲ. "ಬೋರ್" ಅಂದನೇ? ಅಂದ. "ದೊಡ್ಡಮ್ಮಾ, ಬೋರ್" ಅಂದ. "ಹೌದಪ್ಪ, ನನಗೂ" ಅಂದು ನಾನು ಬಾಳಕಕ್ಕೆ ಮೆಣಸಿನಕಾಯಿ ಸೀಳುತ್ತಾ ಕೂತೆ. ಸ್ವಲ್ಪ ಹೊತ್ತು ಕಾದ, ಯಾರೂ ಏನೂ ವ್ಯವಸ್ಥೆ ಮಾಡುವ ಲಕ್ಷಣ ಕಾಣದೆ ಎದ್ದು ಹೋಗಿ ಹಳೆಯ ಛತ್ರಿಗೆ ಹಗ್ಗ ಕಟ್ಟಿ, ಎಳೆದರೆ ಪಟಕ್ಕನೆ ಬಿಚ್ಚುವ ಬೆದರುಯಂತ್ರ ಮಾಡಿದ. ರೋಬೋಟಿಕ್ಸ್ ಫೀಸೂ ಉಳಿಯಿತು.

ನಮ್ಮನೆಯವರು ಎಲ್‌ಐಸಿ ರಸೀದಿಯನ್ನು ದಾಟಿದ್ದಾರೆ. ಎಷ್ಟು ದಾಟಿದ್ದಾರೆ ಎಂದು ಕೇಳಿಲ್ಲ, ಕೇಳಿದರೆ ನೋಟ್‌ಬುಕ್ ತೆಗೆದು ಪಟ್ಟಿ ಬರೆಯಲು ಕೂತುಬಿಡುತ್ತಾರೆ. ಅದಕ್ಕಿಂತ ದೊಡ್ಡ ಬೆಳವಣಿಗೆಯೆಂದರೆ ಕೊಳಲು ಬೀರುವಿನಿಂದ ಇಳಿಯಿತು. ಕೋಲು ಎಟುಕದ ಕಡೆ ಕಾಗೆ ಕೂತಾಗ ಸಿಟ್ಟಿಗೆ ಒಮ್ಮೆ ಊದಿದರು. ಇಡೀ ಹಿಂಡು ಹಾರಿತು. ಅಂದಿನಿಂದ ದಿನಾ ಬೆಳಿಗ್ಗೆ ಒಂಬತ್ತರಿಂದ ಸಾಧನೆ. ಯಾವ ರಾಗವೋ ಅವರಿಗೂ ತಿಳಿಯದು, ಫಲ ಮಾತ್ರ ಖಚಿತ. ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರೆಂದು ನಾನು ಮಾತು ಜೋಡಿಸಿಕೊಂಡೇ ಕಾಯುತ್ತಿದ್ದೆ. ನಿನ್ನೆ ಹಿಂದಿನ ಮನೆಯ ಆಂಟಿ ಬಂದೇ ಬಂದರು. ಕೂತು, ಮಜ್ಜಿಗೆ ಕುಡಿದು, ಸೆರಗಿನಿಂದ ಗಾಳಿ ಹಾಕಿಕೊಂಡು, ಕೊನೆಗೆ ವಿಷಯಕ್ಕೆ ಬಂದರು.

"ಅಲ್ಲಮ್ಮಾ, ನಾಳೆ ನಾವು ಅರಳು ಸಂಡಿಗೆ ಹಾಕೋಣ ಅಂತಿದ್ದೀವಿ. ನಿಮ್ಮನೆಯವರನ್ನ ಒಂದೆರಡು ಗಂಟೆ ಕಳಿಸಿಕೊಡ್ತೀಯಾ?"

ಬೀದಿಯ ಕಂಬದಲ್ಲಿ ಕೊಳಲು ತರಗತಿಗೆ ಗಂಟೆಗೆ ಎಷ್ಟು ತೆಗೆದುಕೊಳ್ಳುತ್ತಾರೆ ಅಂತ ನೋಡಿಕೊಂಡು ಬರುತ್ತೇನೆ ಎಂದಿದ್ದೇನೆ.